ಮೂರನೇ ಸಾಕ್ಷಿ ಹೇಳಿದ್ದು

ಮಾರ್ಚ್ 4, ಸೋಮವಾರ

ಹನ್ನೊಂದಕ್ಕೆ ಕೋರ್ಟು ಕೂತಿತು. ಪಟ್ಟಿಯಲ್ಲಿ ಅರವತ್ತೆರಡು ಕೇಸು. ನನ್ನ ಕುರ್ಚಿಯನ್ನು ಯಾರೋ ಮತ್ತೆ ಗೋಡೆಯ ಕಡೆ ಸರಿಸಿದ್ದರು. ಎಳೆದು ಮೊದಲಿನ ಜಾಗಕ್ಕೆ ತಂದೆ. ಅಲ್ಲಿಂದ ಸಾಕ್ಷಿಕಟ್ಟೆಯೂ ಕಾಣುತ್ತದೆ, ಜಡ್ಜ್ ಸಾಹೇಬರ ಬಾಯಿಯೂ ಕಾಣುತ್ತದೆ. "ಮೇಡಂಗೆ ಫ್ಯಾನ್ ಗಾಳಿ ಇಲ್ದಿದ್ರೆ ಆಗಲ್ಲ," ಎಂದ ಬೆಂಚ್ ಕ್ಲರ್ಕ್. ನಕ್ಕೆ. ಗಾಳಿಗೆ ಅಂತಲೇ ಅಂದುಕೊಳ್ಳಲಿ.

ಇಪ್ಪತ್ತಾರು ವರ್ಷದ ಸ್ಟೆನೋ ಕೆಲಸ. ಎಡಗಿವಿ ಹೋಗಿ ಮೂರು ವರ್ಷ. ಬಲಗಿವಿಯೂ ಈಗ ಅದರ ಬೆನ್ನು ಹಿಡಿದು ಹೊರಟಿದೆ. ಯಾರಿಗೂ ಹೇಳಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತೇನೆ. ಸಾಕ್ಷಿಯ ಮಾತನ್ನು ಸಾಹೇಬರು ಅಡಕ ಮಾಡಿ ಬರೆಸುತ್ತಾರೆ; ಅಷ್ಟನ್ನು ಟೈಪ್ ಮಾಡಿದರೆ ನನ್ನ ಕೆಲಸ ಮುಗಿಯಿತು. ಆದರೆ ನನ್ನ ಮೇಲೆ ನನಗೇ ನಂಬಿಕೆ ಸಾಲದು. ಸಾಕ್ಷಿ ಆಡುವ ಒಂದೊಂದು ಮಾತನ್ನೂ ಮೊದಲು ಶೀಘ್ರಲಿಪಿಯಲ್ಲಿ ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತೇನೆ. ಈಗಿನದು ಹದಿನಾಲ್ಕನೆಯದು.

ಸಂಜೆ ಅಕ್ಕನ ಫೋನ್, ಮೂರು ಸಲ. ಎತ್ತಲಿಲ್ಲ. ಫೋನಿಗೆ ತುಟಿ ಇರುವುದಿಲ್ಲವಲ್ಲ.

ಮಾರ್ಚ್ 5, ಮಂಗಳವಾರ

ಸಿನಿಮಾ ಕಳವಿನ ಕೇಸು ಶುರುವಾಯಿತು. ಬಿಡುಗಡೆಗೆ ಒಂಬತ್ತು ದಿನ ಇರುವಾಗಲೇ ಇಡೀ ಸಿನಿಮಾ ಇಂಟರ್ನೆಟ್ಟಿಗೆ ಬಂದಿತ್ತಂತೆ. ಆರೋಪಿ ಅದೇ ಸ್ಟುಡಿಯೊದಲ್ಲಿ ಸಬ್‌ಟೈಟಲ್ ಬರೆಯುತ್ತಿದ್ದವನು. ಮೂವತ್ತೈದರ ಆಸುಪಾಸು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. ಎಂಟು ತಿಂಗಳಿಂದ ಜೈಲಿನಲ್ಲಿದ್ದಾನೆ, ಜಾಮೀನು ಸಿಕ್ಕಿಲ್ಲ. ಅವನ ಕಡೆಯವರು ಅಂತ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ವಕೀಲೆಯನ್ನೂ ಸರ್ಕಾರವೇ ಕೊಟ್ಟಿದೆ. ಪಾಪ, ಅವಳ ಕೈಯಲ್ಲಿ ಇನ್ನೂ ನಾಲ್ಕು ಕೋರ್ಟಿನ ಫೈಲು.

ಮೊದಲ ಸಾಕ್ಷಿ ಸಿನಿಮಾದ ನಿರ್ದೇಶಕಿ. "ನಾಲ್ಕು ವರ್ಷ ಸ್ವಾಮಿ. ನಮ್ಮಮ್ಮ ಸತ್ತಾಗ್ಲೂ ಎಡಿಟಿಂಗ್ ರೂಮಲ್ಲಿದ್ದೆ. ಮೊದಲ ದಿನ ಥಿಯೇಟರಲ್ಲಿ ಹನ್ನೊಂದು ಜನ. ವಾಪಸ್ ಬರುವಾಗ ಬಸ್ಸಲ್ಲಿ ನನ್ನ ಪಕ್ಕ ಕೂತೋನು ಫೋನಲ್ಲಿ ಅದನ್ನೇ ನೋಡ್ತಿದ್ದ. ಬೇಜಾರಾದ ಕಡೆ ಬೆರಳಲ್ಲಿ ತಳ್ಳಿ ತಳ್ಳಿ..."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಇಡೀ ಕೋರ್ಟು ಆರೋಪಿಯ ಕಡೆ ಒಂದು ಥರ ನೋಡಿತು. ನಾನೂ ಹಾಗೆಯೇ ನೋಡಿದೆ. ಸುಳ್ಳೇಕೆ ಬರೆಯಲಿ.

ಮಾರ್ಚ್ 11, ಸೋಮವಾರ

ಎರಡನೇ ಸಾಕ್ಷಿ, ತನಿಖೆ ಮಾಡಿದ ಪೊಲೀಸ್ ಅಧಿಕಾರಿ. ಕದ್ದ ಪ್ರತಿಯನ್ನು ಟಿವಿಯಲ್ಲಿ ಹಾಕಿ ತೋರಿಸಿದರು. ಹತ್ತು ನಿಮಿಷ.

ಕೆಳಗೆ ಅಕ್ಷರ ಓಡುತ್ತಿತ್ತು. ಬರೀ ಮಾತಲ್ಲ. 'ಚಿಲಕ ತೆಗೆದ ಸದ್ದು.' 'ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ.' 'ಮಳೆ ನಿಂತಿತು.' ಮಳೆ ನಿಲ್ಲುವುದೂ ಕಿವಿಗೆ ತಿಳಿಯುವ ಸಂಗತಿ ಎಂಬುದನ್ನೇ ಮರೆತಿದ್ದೆ. ಮೂರು ವರ್ಷದಲ್ಲಿ ಒಂದು ಮಾತೂ ತಪ್ಪದೆ ನೋಡಿದ್ದು ಇದೊಂದೇ. ಅದೂ ಕದ್ದ ಮಾಲು! ಕೈ ನಿಂತುಹೋಗಿತ್ತು. "ಮೇಡಂ, ಟೈಪ್ ಆಗ್ತಿದೆ ತಾನೆ?" ಎಂದರು ಸಾಹೇಬರು.

ಸರ್ಕಾರಿ ವಕೀಲರು: "ಈ ಅಕ್ಷರಗಳೆಲ್ಲ ಆರೋಪಿ ಬರೆದದ್ದೇ. ಕಳ್ಳ ತನ್ನ ಗುರುತು ತಾನೇ ಬಿಟ್ಟು ಹೋಗಿದ್ದಾನೆ."

ಆರೋಪಿ ಕಟಕಟೆಯಿಂದಲೇ ಕೂಗಿದ. "ಬರೆಯೋದೇ ನನ್ನ ಕೆಲಸ ಸ್ವಾಮಿ. ಸಿನಿಮಾ ಯಾರು ಕದ್ರೂ ನನ್ನ ಅಕ್ಷರಾನೂ ಜತೇಲೇ ಹೋಗತ್ತಲ್ಲ!"

"ನಿಮ್ಮ ಸರದಿ ಬಂದಾಗ ಹೇಳಿ," ಎಂದರು ಸಾಹೇಬರು.

ಅದು ದಾಖಲಾಗಲಿಲ್ಲ. ನಿಯಮದ ಪ್ರಕಾರ ಸರಿಯೇ.

ಮಾರ್ಚ್ 13, ಬುಧವಾರ

ಮೂರನೇ ಸಾಕ್ಷಿ, ಸ್ಟುಡಿಯೊದ ಕಾವಲುಗಾರ. ಅರವತ್ತು ದಾಟಿದೆ. ಇದ್ದೊಂದು ಒಳ್ಳೆ ಅಂಗಿ ಹಾಕಿಕೊಂಡು ಬಂದಿದ್ದ. ರಜೆಯ ದಿನ ಮಧ್ಯಾಹ್ನ ಆರೋಪಿ ಹಾರ್ಡ್ ಡಿಸ್ಕ್ ಹಿಡಿದು ಹೊರಹೋದದ್ದನ್ನು ಕಂಡವನು ಇವನೊಬ್ಬನೇ ಅಂತ ಪೊಲೀಸರ ಮಾತು. ಇಡೀ ಕೇಸು ಇವನ ಕಣ್ಣಿನ ಮೇಲೆ ನಿಂತಿದೆ.

ಪಾಟೀಸವಾಲು ಬಂದಾಗ ಒಂದೂವರೆ. ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಸಾಹೇಬರು ಬೇಗ ಬೇಗ ಬರೆಸಿದರು. ಬೆಂಚ್ ಕ್ಲರ್ಕ್ ಗಡಗಡ ಓದಿ ಹೇಳಿದ. ಕಾವಲುಗಾರ ತಲೆಯಾಡಿಸಿದ, ಸಹಿ ಹಾಕಿದ. ವಕೀಲೆ ಆಗಲೇ ಮುಂದಿನ ಕೋರ್ಟಿಗೆ ಓಡಿದ್ದಳು.

ಏನೋ ಸರಿಯಿಲ್ಲ ಅನ್ನಿಸುತ್ತಿದೆ. ನಾಳೆ ನೋಡಬೇಕು.

ಮಾರ್ಚ್ 14, ಗುರುವಾರ. ಊಟದ ಬಿಡುವು

ನೋಡಿದೆ.

ನನ್ನ ನೋಟ್‌ಬುಕ್ಕಿನಲ್ಲಿ: "ಮುಖ ಕಾಣ್ಲಿಲ್ಲ ಸ್ವಾಮಿ, ಬೆನ್ನು ಕಾಣ್ತು. ನೀಲಿ ಜರ್ಕಿನ್. ಅವ್ನೇ ಇರ್ಬೇಕು ಅಂದ್ಕೊಂಡೆ. ಆ ಜರ್ಕಿನ್ನು ಅಲ್ಲಿ ಎಲ್ಲರಿಗೂ ಕೊಟ್ಟಿದ್ರು."

ನಾನೇ ಟೈಪ್ ಮಾಡಿದ್ದರಲ್ಲಿ: "ನೀಲಿ ಜರ್ಕಿನ್ ತೊಟ್ಟು ಆರೋಪಿಯು ಹೊರಹೋಗುತ್ತಿದ್ದುದನ್ನು ನಾನು ನೋಡಿದೆ."

ಸಾಹೇಬರು ಕೆಟ್ಟವರಲ್ಲ. ಹತ್ತು ಮಾತನ್ನು ಒಂದು ಸಾಲಿಗೆ ಇಳಿಸಿದರು. ಇಳಿಸುವಾಗ ಮನುಷ್ಯನ ಮುಖವೊಂದು ಸೇರಿಕೊಂಡಿತು, ಅಷ್ಟೇ. ಅಥವಾ ನಾನೇ ತುಟಿಯನ್ನು ತಪ್ಪು ಓದಿದೆನೋ? 'ಕಾಣ್ಲಿಲ್ಲ', 'ಕಾಣ್ತಲ್ಲ'... ಕನ್ನಡಿ ಮುಂದೆ ನಿಂತು ಎರಡನ್ನೂ ಹೇಳಿ ನೋಡಿದೆ. ಬೇರೆ ಬೇರೆಯೇ. 'ಬೆನ್ನು' ಅನ್ನುವಾಗ ತುಟಿ ಕೂಡಿ ಬಿಡುತ್ತದೆ. ಸಂದೇಹವೇ ಇಲ್ಲ.

ಡಬ್ಬಿ ಮುಚ್ಚಿ ಕೆಲಸಕ್ಕೆ ವಾಪಸ್ ಕೂತೆ.

ಮಾರ್ಚ್ 22, ಶುಕ್ರವಾರ

ವಕೀಲೆಗೆ ಕಾವಲುಗಾರನ ಹೇಳಿಕೆಯ ಪ್ರತಿ ಸಿಕ್ಕಿದೆ. ಎದ್ದು ನಿಂತು ಹೇಳಿಯೇಬಿಟ್ಟಳು: "ಸಾಕ್ಷಿ ಹೀಗೆ ಹೇಳ್ಲಿಲ್ಲ ಸ್ವಾಮಿ. ಸ್ಟೆನೋ ಅವರ ಹತ್ರ ಬೇರೆ ನೋಟ್ಸ್ ಇದ್ರೆ ನೋಡ್ಬೇಕು."

ಸಾಹೇಬರು ನನ್ನ ಕಡೆ ತಿರುಗಿದರು. "ಬೇರೆ ಏನಾದ್ರೂ ಬರ್ಕೊಂಡಿದೀರಾ ಮೇಡಂ?"

ನೋಟ್‌ಬುಕ್ ತೊಡೆಯ ಮೇಲಿತ್ತು. ಅದನ್ನು ಕೊಟ್ಟರೆ ಮುಂದಿನ ಪ್ರಶ್ನೆ ಗೊತ್ತೇ ಇದೆ. ಎರಡೆರಡು ಸಲ ಯಾಕೆ ಬರೀತೀರಿ? ಕಿವಿ ಸರಿಯಿಲ್ವಾ? ಇಷ್ಟು ವರ್ಷ ಏನು ಕೇಳಿ ಏನು ಬರೆದ್ರಿ? ಕೆಲಸ ಹೋದರೆ ಈ ಎರಡು ಕೋಣೆಯ ಮನೆ ಬಿಟ್ಟು ನನಗೆ ಇನ್ನೇನಿದೆ. ಬೆಳಿಗ್ಗೆ 'ಬಂದ್ರಾ ಮೇಡಂ' ಎನ್ನುವವರೂ ಇರುವುದಿಲ್ಲ.

"ಇಲ್ಲ ಸಾರ್."

ಎರಡೇ ಪದ. ನನ್ನ ದನಿ ನನಗೇ ಕೇಳಿಸಲಿಲ್ಲ.

ಏಪ್ರಿಲ್ 8, ಸೋಮವಾರ

ಹದಿನೇಳು ದಿನದಿಂದ ಇಲ್ಲಿ ಏನೂ ಬರೆದಿಲ್ಲ.

ಅಕ್ಕನ ಮೆಸೇಜು: "ಮಾತಾಡೋಕೂ ಪುರುಸೊತ್ತಿಲ್ವಾ? ನಾನೇನು ತಪ್ಪು ಮಾಡ್ದೆ ಅಂತಾದ್ರೂ ಹೇಳೇ." 'ಕೆಲಸ ಜಾಸ್ತಿ' ಅಂತ ಉತ್ತರ ಕಳಿಸಿದೆ. ಐದನೇ ಸಲ.

ಇಂದು ವಾದ. ಸರ್ಕಾರಿ ವಕೀಲರು ಆ ಸಾಲನ್ನು ಮೂರು ಸಲ ಓದಿದರು. 'ಆರೋಪಿಯು ಹೊರಹೋಗುತ್ತಿದ್ದುದನ್ನು ನಾನು ನೋಡಿದೆ.' ಕಣ್ಣಾರೆ ಕಂಡ ಸಾಕ್ಷಿ! ನನ್ನ ಬೆರಳಿನಿಂದ ಇಳಿದ ಸಾಲು.

ಆಗ ಆರೋಪಿಯ ಕಡೆ ನೋಡಿದೆ. ಕಟಕಟೆ ಹಿಡಿದು ನೆಲ ನೋಡುತ್ತಿದ್ದ. ತುಟಿ ಆಡುತ್ತಿತ್ತು. ದನಿಯಿಲ್ಲ, ಯಾರನ್ನೂ ಉದ್ದೇಶಿಸಿ ಆಡಿದ್ದೂ ಅಲ್ಲ. ತನಗೆ ತಾನೇ ಅಂದುಕೊಳ್ಳುತ್ತಿದ್ದ: "ಅವ್ನು ಹಾಗನ್ಲಿಲ್ಲ... ಅವ್ನು ಹಾಗನ್ಲಿಲ್ಲ..."

ಆ ಕೋಣೆಯಲ್ಲಿ ನಲವತ್ತು ಜನ. ಕಿವಿ ನೆಟ್ಟಗಿದ್ದವರಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ.

ಅವನು ಕದ್ದನೋ ಬಿಟ್ಟನೋ ನನಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಗೊತ್ತಿರುವುದು ಕಾವಲುಗಾರ ಹೇಳಿದ್ದು ಮಾತ್ರ.

ಏಪ್ರಿಲ್ 10, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಚೇಂಬರಿಗೆ ಹೋದೆ. ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಓದಿ ಹೇಳಿದೆ.

"ನೀವು ಅವತ್ತು ಇಲ್ಲ ಅಂದ್ರಿ."

"ಸುಳ್ಳು ಹೇಳ್ದೆ ಸಾರ್."

"ಯಾಕೆ?"

ಹೇಳಿದೆ. ಎಡಗಿವಿ, ಬಲಗಿವಿ, ಕುರ್ಚಿಯ ಜಾಗ, ಹದಿನಾಲ್ಕು ನೋಟ್‌ಬುಕ್ಕು. ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಅವರು ಟೈಪ್ ಆದ ಹಾಳೆ ತರಿಸಿ ಓದಿದರು. ಇನ್ನೊಂದು ಸಲ ಓದಿದರು.

"ಹೀಗೆ ಬರೆಸಿದ್ದು ನಾನೇನಾ?"

"ಹೌದು ಸಾರ್. ಒಂದೂವರೆ ಆಗಿತ್ತು."

ಆಮೇಲೆ ನನ್ನ ಕಡೆ ನೇರ ಮುಖ ಮಾಡಿ, ನಿಧಾನವಾಗಿ, ತುಟಿ ಕಾಣುವ ಹಾಗೆ ಮಾತಾಡಿದರು. "ಇಬ್ಬರು ವಕೀಲರಿಗೂ ತಿಳಿಸ್ಬೇಕಾಗತ್ತೆ. ಕಾವಲುಗಾರನ್ನ ಮತ್ತೆ ಕರೆಸ್ತೀನಿ. ನೀವೂ ಕಟ್ಟೆ ಹತ್ತಬೇಕು. ನಿಮ್ಮ ಕೆಲಸದ ವಿಷಯ ನನ್ನ ಕೈಲಿಲ್ಲ."

ಗೊತ್ತು ಅಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಏಪ್ರಿಲ್ 26, ಶುಕ್ರವಾರ

ಕಿವಿ ಪರೀಕ್ಷೆ. ಗಾಜಿನ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಸುಮಾರು ಹೊತ್ತು ಕಾದೆ. ಇನ್ನೂ ಶುರುವಾಗಿಲ್ಲ ಅಂದುಕೊಂಡೆ. ಗಾಜಿನಾಚೆ ಡಾಕ್ಟರು ಆಗಲೇ ಎರಡು ಸಾಲು ಬರೆದು ಮುಗಿಸಿದ್ದರು.

ಇವತ್ತಿನಿಂದ ನನ್ನನ್ನು ಹಳೆ ಕಡತದ ಕೋಣೆಗೆ ಹಾಕಿದ್ದಾರೆ. ಕಪಾಟುಗಳಿಗೆ ಕಿವಿ ಬೇಕಿಲ್ಲ.

ಮೇ 13, ಸೋಮವಾರ

ಇಪ್ಪತ್ತಾರು ವರ್ಷ ಎದುರು ಕೂತು ನೋಡಿದ ಕಟ್ಟೆ. ಹತ್ತಿದ್ದು ಇದೇ ಮೊದಲು. ಮೇಲಿನಿಂದ ಕೋಣೆ ಚಿಕ್ಕದಾಗಿ ಕಾಣುತ್ತದೆ.

ಸರ್ಕಾರಿ ವಕೀಲರು ಒಂದೆರಡು ಪ್ರಶ್ನೆ ಕೇಳಿದರು. ಆಮೇಲೆ ಮೇಜಿನ ಕಡೆ ತಿರುಗಿ ಕಾಗದ ಹುಡುಕತೊಡಗಿದರು. ನಾನು ಕಾದೆ. ಜನ ನಗುತ್ತಿರುವುದು ಕಂಡಿತು. ಸಾಹೇಬರು ಮೇಜು ಕುಟ್ಟಿದರು. ಆಗ ತಿಳಿಯಿತು—ಬೆನ್ನು ತಿರುಗಿಸಿಕೊಂಡೇ ಮೂರು ಪ್ರಶ್ನೆ ಕೇಳಿದ್ದರು. ನಾನು ಕಂಬದ ಹಾಗೆ ನಿಂತಿದ್ದೆ.

ಈಗ ತಿರುಗಿದರು. "ನನ್ನ ಪ್ರಶ್ನೆ ಕೇಳಿಸ್ತಾ?"

"ಇಲ್ಲ."

"ಹಾಗಾದ್ರೆ ಕಾವಲುಗಾರ ಹೇಳಿದ್ದು ಹೇಗೆ ಕೇಳಿಸ್ತು?"

"ಅದೂ ಕೇಳಿಸ್ಲಿಲ್ಲ. ಕಾಣಿಸ್ತು. ಅವರು ನನಗೆ ಬೆನ್ನು ಹಾಕಿರ್ಲಿಲ್ಲ."

ಯಾರೂ ನಗಲಿಲ್ಲ.

ಆಮೇಲೆ ಕಾವಲುಗಾರ. ಅದೇ ಅಂಗಿ. ವಕೀಲೆ ನನ್ನ ನೋಟ್‌ಬುಕ್ಕಿನ ಸಾಲು ಓದಿ ಹೇಳಿದಳು. ಅವನು ಎಲ್ಲರನ್ನೂ ಒಮ್ಮೆ ನೋಡಿದ. "ಅವತ್ತೂ ಇದನ್ನೇ ಅಲ್ವಾ ನಾನು ಹೇಳಿದ್ದು? ಬೆನ್ನು ಕಾಣ್ತು ಅಂತ. ಅವ್ರು ಏನೋ ಸರಸರ ಓದಿದ್ರು. ದೊಡ್ಡೋರು ಬರ್ಸಿದ್ದು ಸರಿಯಾಗೇ ಇರತ್ತೆ ಅಂತ ಸೈನ್ ಹಾಕ್ದೆ."

ಸಾಹೇಬರು ಈ ಸಲ ಒಂದಕ್ಷರವನ್ನೂ ಇಳಿಸಲಿಲ್ಲ. ನನ್ನ ಕುರ್ಚಿಯಲ್ಲಿ ಹೊಸ ಹುಡುಗಿ. ಚೆನ್ನಾಗಿ ಟೈಪ್ ಮಾಡುತ್ತಾಳೆ.

ಜೂನ್ 7, ಶುಕ್ರವಾರ

ತೀರ್ಪು. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಾಹೇಬರು ತಲೆ ತಗ್ಗಿಸಿ ಓದಿದರು, ತುಟಿ ಕಾಣಲಿಲ್ಲ. ಆರೋಪಿಯ ಬೆನ್ನಷ್ಟೇ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ನಿರ್ದೇಶಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲರೂ ಎದ್ದರು. ಏನಾಯಿತು?

ಪಕ್ಕದಲ್ಲಿ ಕಾವಲುಗಾರ ಇದ್ದ. ಮೊದಲಾಗಿದ್ದರೆ ನಗುತ್ತಾ ತಲೆಯಾಡಿಸಿ, ಆಮೇಲೆ ಹೇಗೋ ತಿಳಿದುಕೊಳ್ಳುತ್ತಿದ್ದೆ. ಅವನ ತೋಳು ಮುಟ್ಟಿದೆ. "ನನಗೆ ಕಿವಿ ಕೇಳಿಸಲ್ಲಪ್ಪ. ಏನಂದ್ರು?" ಜೋರಾಗಿಯೇ ಹೇಳಿರಬೇಕು, ನಾಲ್ಕು ಜನ ತಿರುಗಿ ನೋಡಿದರು.

ಅವನು ಬಗ್ಗಿ, ಮುಖಕ್ಕೆ ಮುಖ ಕೊಟ್ಟು ಹೇಳಿದ. "ಬಿಟ್ಬಿಟ್ರು ಕಣಮ್ಮ. ಪುರಾವೆ ಸಾಲ್ದು ಅಂತ."

ಬಾಗಿಲಲ್ಲಿ ನಿರ್ದೇಶಕಿ ಎದುರಾದಳು. "ಹಾಗಾದ್ರೆ ನನ್ನ ಸಿನಿಮಾ ಕದ್ದೋರು ಯಾರು?" ಎಂದಳು. ಅವಳ ಕಣ್ಣು ಬಹಳ ಹೊತ್ತು ನನ್ನನ್ನು ಬಿಡಲಿಲ್ಲ.

ಬಿಡುಗಡೆಯಾದವನು ಒಬ್ಬನೇ ಮೆಟ್ಟಿಲಿಳಿದು ಹೋದ. ಗೇಟಿನ ಹತ್ತಿರ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದವನ ಹಾಗೆ ಎರಡೂ ಕಡೆ ನೋಡಿದ. ಎಡಕ್ಕೆ ಹೋದ. ಮಾತಾಡಿಸಲಿಲ್ಲ. ನಾನು ಯಾರೆಂದು ಮಾತಾಡಿಸಲಿ? ಆ ಸಾಲು ಟೈಪ್ ಮಾಡಿದವಳೂ ನಾನೇ. 'ಇಲ್ಲ ಸಾರ್' ಅಂದವಳೂ ನಾನೇ.

ಜೂನ್ 9, ಭಾನುವಾರ. ಬಸ್ಸಿನಲ್ಲಿ

ನಿನ್ನೆ ಅಕ್ಕನಿಗೆ ಮೆಸೇಜು ಕಳಿಸಿದೆ. 'ನಾಳೆ ಬರ್ತೀನಿ. ಫೋನ್ ಮಾಡಬೇಡ. ಎದುರು ಕೂತು ಹೇಳಬೇಕು.' ಎರಡು ನಿಮಿಷಕ್ಕೇ ಉತ್ತರ: 'ಬಾ. ಬೈಯೋದಿದೆ.'

ಕುಲುಕಾಟ. ಅಕ್ಷರ ಸೊಟ್ಟ. ಏನಂತ ಶುರು ಮಾಡಲಿ? ಸಿಟ್ಟಲ್ಲ ಕಣೇ, ನಿನ್ನ ಮೇಲೆ ಸಿಟ್ಟು ಯಾವತ್ತೂ ಇರಲಿಲ್ಲ... ಬೇಡ, ಮೊದಲು ಅವಳು ಬೈಯಲಿ. ಎಲ್ಲ ಬೈಗುಳವನ್ನೂ ನೋಡುತ್ತೇನೆ.

ಬಸ್ಸು ನಿಧಾನಿಸಿತು. ಸ್ಟಾಪಿನಲ್ಲಿ ನಿಂತಿದ್ದಾಳೆ, ಕೂದಲು ಪೂರ್ತಿ ನರೆತಿದೆ. ನನ್ನನ್ನು ಕಂಡಳು. ಆಗಲೇ ಏನೋ ಹೇಳುತ್ತಿದ್ದಾಳೆ. ಗಾಜು ಮಸುಕು, ತುಟಿ ಸರಿಯಾಗಿ... ತಡಿಯೇ ಅಕ್ಕ, ಇಳೀತಿದೀನಿ, ಇನ್ನೊಂದ್ಸಲ ಹೇ—