ಫೋಮ್ ಹಿಂದಿನ ಮರ

ಅಪ್ಪಾಜಿ,

ನೀವು ಮಲಗುತ್ತಿದ್ದ ಮಹಡಿ ಕೋಣೆಯ ಹೆಂಚಿನ ಚಾವಣಿ ಒಂದು ಕಡೆ ಬಾಗಿತ್ತು. ಇವತ್ತು ಬಿಚ್ಚಿಸಿದೆ. ಸೆಕೆ ತಡೆಯಲೆಂದು ಹೆಂಚಿನ ಅಡಿಗೆ ನಾನು ಹೊಡೆಸಿದ್ದ ಹಳದಿ ಫೋಮನ್ನು ಬಡಗಿ ಅಮೀನಪ್ಪ ಚಾಕುವಿನಿಂದ ಸೀಳಿದ. ಒಳಗಿನ ಜಂತೆ ನೆನೆದ ರಸ್ಕಿನ ಹಾಗೆ ಕೈಗೆ ಬಂತು.

"ಒಡದ ಹೆಂಚಿನಾಗಿಂದ ನೀರು ಇಳದೈತ್ರಿ ಮೇಡಂ. ಫೋಮ್ ಅದನ್ನ ಕೆಳಗ ಬಿಟ್ಟಿಲ್ಲ, ಎಲ್ಲಾ ನೀರು ಮರಾನೇ ಕುಡದೈತಿ."

ಪ್ರತಿ ಮಳೆಗಾಲಕ್ಕೆ ಮುಂಚೆ ನೀವು ಏಣಿ ಹತ್ತಿ, ಒಂದೊಂದೇ ಜಂತೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಿರಿ. ಫೋಮ್ ಬಂದ ಮೇಲೆ ತಟ್ಟುವುದಕ್ಕೆ ಮರವೇ ಕಾಣುತ್ತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ, "ಮರ ಕೊಳೆತ ವಾಸನೆ ಬರ್ತಿದೆ ಕಣೇ ಸೌಮ್ಯಾ" ಎಂದು ದಿನಾ ಹೇಳತೊಡಗಿದಿರಿ. ನಮಗೆ ಯಾರಿಗೂ ಬರುತ್ತಿರಲಿಲ್ಲ. ವಯಸ್ಸಿನ ಭ್ರಮೆ ಎಂದುಕೊಂಡು ನಿಮ್ಮನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬರೆದುಕೊಟ್ಟ ಡ್ರಾಪ್ಸನ್ನು ನೀವು ನಮ್ಮನ್ನು ಬಿಟ್ಟು ಹೋಗುವ ಹಿಂದಿನ ದಿನದವರೆಗೂ ಹಾಕಿಕೊಂಡಿರಿ, ಒಂದು ಹೊತ್ತೂ ತಪ್ಪಿಸದೆ.

ಅಮೀನಪ್ಪ ಒಂದು ತುಂಡನ್ನು ಮೂಸಿ ನೋಡಿದ.

"ವಾಸನೀ ಬಂದಿರಬೇಕಲ್ರೀ. ಮನ್ಯಾಗ ಯಾರೂ ಹೇಳಲಿಲ್ಲೇನ್ರಿ?"

ಯಾರೂ ಹೇಳಲಿಲ್ಲ ಎಂದೆ.