ಮೊಟ್ಟೆಗಾಡಿಯ ಛಾವಣಿ

ಮನೆಯಿಂದ
ಮಂಗಳವಾರ, ಹದಿನೆಂಟನೇ ತಾರೀಕು, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಪಿಂಗಾಣಿ ಕಾರ್ಖಾನೆಯ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಮೂಗಿಗೆ ಬಟ್ಟೆ ಕಟ್ಟದೆ ಕುಲುಮೆಯ ಹತ್ತಿರ ಹೋಗಬೇಡ. ಹೊತ್ತು ಹೊತ್ತಿಗೆ ಊಟ ಮಾಡು, ಚಹಾ ಊಟವಲ್ಲ. ದೇವರ ದಯದಿಂದ ನಾನು ಚೆನ್ನಾಗಿದ್ದೇನೆ. ಬಲ ಅಂಗೈಗೆ ನಾಲ್ಕು ಹೊಲಿಗೆ ಬಿದ್ದಿದೆ, ಅದಕ್ಕೇ ಅಕ್ಷರ ಹೀಗೆ ಸೊಟ್ಟ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕೈ, ಸರಿಯಿದ್ದಾಗಲೂ ಅಷ್ಟೇನೂ ನೆಟ್ಟಗಿರಲಿಲ್ಲ ಬಿಡು. ಅಪ್ಪ ಊಟ ಮಾಡುತ್ತಾರೆ, ಮನೆಯೊಳಗೆ ಓಡಾಡುತ್ತಾರೆ. ಫೋನು ಮಾಡಿದರೆ ಅವರ ಸುದ್ದಿ ಎತ್ತಿದ ಕೂಡಲೇ ನೀನು ಇಟ್ಟುಬಿಡುತ್ತೀ. ಕಾಗದವಾದರೆ ಸಿಟ್ಟಿನಲ್ಲಿ ಎಸೆದರೂ ಸಿಟ್ಟಿಳಿದ ಮೇಲೆ ಎತ್ತಿಕೊಂಡು ಓದಬಹುದು. ಹಾಗೆಯೇ ಮಾಡು, ಪೂರ್ತಿ ಓದು.

ಶುಕ್ರವಾರ ಬೆಳಿಗ್ಗೆ ಹಳೇ ಕಾರುಗಳ ಸಂಘದಿಂದ ಒಬ್ಬರು ಬಂದಿದ್ದರು. ಬಿಳಿ ಕೈಗವಸು ತೊಟ್ಟು, ಡಾಕ್ಟರು ಹೊಟ್ಟೆ ಒತ್ತಿ ನೋಡಿದ ಹಾಗೆ ಅಪ್ಪನ ಆ ಮೊಟ್ಟೆಯಾಕಾರದ ಪುಟ್ಟ ಕಾರನ್ನು, ನಮ್ಮ ಮೊಟ್ಟೆಗಾಡಿಯನ್ನು, ಅಲ್ಲಲ್ಲಿ ಒತ್ತಿ ನೋಡಿದರು. ಹೊಸಬರು ಸಿಕ್ಕರೆ ನಿನ್ನಪ್ಪನನ್ನು ಕೇಳಬೇಕೇ? ಪುರಾಣ ಮೊದಲಿಂದ ಶುರು. ಫ್ರಿಜ್ಜು ಮಾಡುತ್ತಿದ್ದವರ ತಲೆಯಲ್ಲಿ ಹುಟ್ಟಿದ ಗಾಡಿ, ಅದಕ್ಕೇ ಮುಂದಿನ ಇಡೀ ಮುಖವೇ ಫ್ರಿಜ್ಜಿನ ಬಾಗಿಲಿನಂತೆ ತೆರೆಯುತ್ತದೆ, ಪಕ್ಕದಲ್ಲಿ ಬಾಗಿಲೇ ಇಲ್ಲ. ಮೂರೇ ಚಕ್ರ. ಹಿಂದಕ್ಕೆ ಹೋಗುವ ಗೇರಿಲ್ಲದಿದ್ದರೆ ಮೋಟಾರ್ ಬೈಕಿನ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಒಂದು ದೇಶದ ಕಾನೂನಿತ್ತಂತೆ, ಅಲ್ಲಿ ಮಾರಲು ಹಿಂದಿನ ಗೇರನ್ನೇ ತೆಗೆದುಬಿಟ್ಟರಂತೆ, ನಮ್ಮದೂ ಅಂಥದ್ದೇ. ಇದೆಲ್ಲ ನಿನಗೆ ಬಾಯಿಪಾಠ, ನನಗೂ ಬಾಯಿಪಾಠ, ಆ ಮನುಷ್ಯ ಮಾತ್ರ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ನೀನು ಗಾಡಿಯ ಮೈಗೆಲ್ಲ ಅಂಟಿಸಿದ ಒಡೆದ ತಟ್ಟೆಗಳ ಚೂರುಗಳ ಮೇಲೆ ಬೆರಳಾಡಿಸಿ, “ಈ ಪಿಂಗಾಣಿಯನ್ನೆಲ್ಲ ಕೆರೆಸಿಬಿಡಿ ಸಾರ್, ಅಸಲು ತಗಡು ಕಾಣಲಿ. ಪ್ರದರ್ಶನದಲ್ಲಿ ಮೊದಲನೇ ಸಾಲಲ್ಲಿ ನಿಲ್ಲಿಸ್ತೀವಿ” ಅಂದರು. ನಿನ್ನ ಕೆಲಸವನ್ನು ಮೂರು ವರ್ಷದಿಂದ ತಿಪ್ಪೆ ಎನ್ನುತ್ತಾ ಬಂದವರು ನಿನ್ನಪ್ಪ. ಮೊದಲನೇ ಸಾಲು ಅಂದರೆ ಅವರಿಗೆ ಏನು ಅಂತ ನಿನಗೆ ಗೊತ್ತು. “ನೋಡೋಣ” ಅಂದರು, ಅಷ್ಟೇ. ಸಂಘದವರನ್ನು ಬಸ್ಸಿಗೆ ಬಿಟ್ಟು ಬರಲು ಗಾಡಿಯಲ್ಲೇ ಹೋದರು.

ವಾಪಸು ಬಂದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಶೆಡ್ಡಿನ ನೆಲ ಗೋಡೆಯ ಕಡೆಗೆ ಇಳಿಜಾರು ತಾನೇ, ಬಾಗಿಲು ತೆರೆಯಲು ಜಾಗ ಉಳಿಯಲೆಂದು ಅವರು ಯಾವಾಗಲೂ ಎರಡು ಮಾರು ಈಚೆಗೇ ನಿಲ್ಲಿಸುತ್ತಾರೆ. ಅವತ್ತು ಬ್ರೇಕಿನ ಸದ್ದು ಬರಲಿಲ್ಲ. ದಪ್ಪ ಎಂದು ಗೋಡೆಗೆ ಬಡಿದ ಸದ್ದು, ಆಮೇಲೆ ಎಂಜಿನ್ನು ಕೆಮ್ಮಿ ನಿಂತಿತು. ಓಡಿ ಹೋಗಿ ನೋಡಿದರೆ ಗಾಡಿಯ ಮೂತಿ ಗೋಡೆಗೆ ಅಂಟಿಕೊಂಡಿದೆ, ಅಪ್ಪ ಒಳಗೆ ಸ್ಟೀರಿಂಗಿನ ಮೇಲೆ ಬಾಗಿದ್ದಾರೆ. ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಪಕ್ಕದ ಪುಟ್ಟ ಕಿಂಡಿಯಿಂದ, “ಎದೆ ಹಿಂಡ್ತಿದೆ ಕಣೇ, ಕಾಲು ಬ್ರೇಕಿಗೆ ಎಟುಕಲಿಲ್ಲ” ಅಂದರು. ಬಾಗಿಲು ಒಂದು ಬೆರಳಷ್ಟೂ ತೆರೆಯದು. ಗೇರು ಬಿದ್ದೇ ಇದೆ, ಅದನ್ನು ನ್ಯೂಟ್ರಲ್ಲಿಗೆ ಎಳೆಯಲು ಅವರ ಕೈಯಲ್ಲಿ ಕಸುವಿಲ್ಲ. ನಾನು ಮುಂದೆ ಸಂದಿಯಲ್ಲಿ ಕೈ ತೂರಿಸಿ ಹಿಂದಕ್ಕೆ ತಳ್ಳಿದೆ. ಮೊದಲಾದರೆ ಇಬ್ಬರು ಹಿಂಬದಿ ಎತ್ತಿ ಪಕ್ಕಕ್ಕೆ ಸರಿಸುತ್ತಿದ್ದ ಗಾಡಿ, ನಿನ್ನ ಸಿಮೆಂಟು ಪಿಂಗಾಣಿ ಏರಿದ ಮೇಲೆ ಎಮ್ಮೆಯ ಹಾಗೆ ಕೂತುಬಿಟ್ಟಿದೆ. ಚೂರಿನ ಅಂಚಿಗೆ ಕೈ ಕೊಯ್ದದ್ದು ಆಗಲೇ. ದೇವರೇ ದೇವರೇ ಎಂದು ಕೂಗಿದ್ದಕ್ಕೆ ಪಕ್ಕದ ಮನೆಯ ದರ್ಜಿ ಅಕ್ಕ ಕತ್ತರಿ ಕೈಯಲ್ಲೇ ಓಡಿ ಬಂದಳು. ಇಬ್ಬರೂ ತಳ್ಳಿದೆವು, ಅಲುಗಲಿಲ್ಲ. ಬಾಗಿಲು ಬಿಟ್ಟರೆ ಹೊರಗೆ ಬರಲು ಆ ಗಾಡಿಗೆ ಇರುವ ಇನ್ನೊಂದೇ ದಾರಿ ಛಾವಣಿ. ನೀನು ಮೇಲೆ ತಗಡು ಹೊಡೆಯುವ ಮುಂಚೆ ಅದು ಮಡಚುವ ಬಟ್ಟೆಯ ಛಾವಣಿಯಾಗಿ ಇದ್ದದ್ದು ಅದಕ್ಕೇ. ಈ ಮಾತು ನನಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಕಿಂಡಿಗೆ ಬಾಯಿಟ್ಟು ಅವರು ಹೇಳಿದರು, “ಇದಕ್ಕೇ ಅವತ್ತು ಮುಚ್ಬೇಡ ಅಂದಿದ್ದು. ಮಗು ಒಬ್ಳೇ ಓಡಿಸ್ಕೊಂಡು ಹೋಗ್ತಾಳೆ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಏನ್ಮಾಡ್ತಾಳೆ ಅಂತ.”

ಮಗಳೇ, ಇದನ್ನು ಎರಡು ಸಲ ಓದು. ಅವತ್ತು ಅವರು, “ಛಾವಣಿ ಕಿತ್ತು ಹಾಕು, ಆಮೇಲೆ ಗಾಡಿ ಮುಟ್ಟು” ಎಂದು ಗುಡುಗಿದಾಗ ನೀನು, “ನನ್ನ ಕೆಲಸ ನಿಮಗೆ ಕಸ ತಾನೇ” ಎಂದು ಚೀಲ ಎತ್ತಿಕೊಂಡು ಮನೆ ಬಿಟ್ಟೆ. ಕಾರಣ ಹೇಳಿದರೆ ಅವರ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ. ಅವರಪ್ಪನೂ ಹಾಗೇ, ಗುಡುಗುವುದೊಂದೇ ಗೊತ್ತು. ತಪ್ಪು ನನ್ನದೂ ಇದೆ. ಪ್ರಾರ್ಥನೆಗೆ ಹೋಗುವಾಗ ತಲೆ ಮೇಲೆ ನೀರು ಸೋರುತ್ತದೆ, ಗಟ್ಟಿಯಾಗಿ ಮುಚ್ಚಿಬಿಡು ಎಂದು ನಿನ್ನ ಬೆನ್ನು ಹತ್ತಿದವಳು ನಾನು. ಬಟ್ಟೆಯ ಮೇಲೆ ತಗಡು ಕೂರಿಸಿ ನೀನು ಸ್ಕ್ರೂ ತಿರುಗಿಸುವಾಗ ತಗಡು ಒತ್ತಿ ಹಿಡಿದಿದ್ದೂ ನಾನೇ. ನೀನು ಹೋದ ಮೇಲೆ ಅವರು ಕೀಳಬಹುದಿತ್ತು, ಅವರ ಕೈಯಲ್ಲಿಲ್ಲದ ಹತ್ಯಾರವೇ? ಮೂರು ವರ್ಷ ಒಂದು ಚೂರೂ ಕೀಳಲಿಲ್ಲ.

ನಾನು ಗೋಡೆಯ ಮೇಲಿನ ಹಾರೆ, ಸುತ್ತಿಗೆ ತೆಗೆದುಕೊಂಡೆ. ಛಾವಣಿಯ ಮೇಲೆ ನೀನು ಬಿಡಿಸಿದ ನೀಲಿ ಮೀನು ನನ್ನನ್ನೇ ನೋಡುತ್ತಿತ್ತು. ನಿನ್ನಪ್ಪ ಒಳಗಿಂದ ಕೈ ಅಡ್ಡ ಹಿಡಿದರು. “ಅದನ್ನ ಒಡೀಬೇಡ! ಪಕ್ಕದ ಗಾಜು ಒಡಿ, ಗಾಳಿ ಬಂದ್ರೆ ಸಾಕು.” ಆ ಬಾಗಿದ ಗಾಜಿಗಾಗಿ ಅವರು ಹನ್ನೊಂದು ವರ್ಷ ಗುಜರಿ ಗುಜರಿ ಅಲೆದಿದ್ದು ನೀನು ಬಲ್ಲೆ. ಅಂಥದ್ದು ಇನ್ನೊಂದು ಸಿಕ್ಕುವುದಿಲ್ಲ. ಅವರು ಹೇಳಿದರಲ್ಲ ಎಂದು ಒಡೆದೆ. ಗಾಳಿ ಹೋಯಿತು, ಮನುಷ್ಯ ತೂರುವಷ್ಟು ಜಾಗವಿಲ್ಲ. ಅವರ ತುಟಿ ನೀಲಿಗಟ್ಟುತ್ತಾ ಬಂತು. ದರ್ಜಿ ಅಕ್ಕ, “ನೋಡ್ತಾ ನಿಂತಿದ್ದೀಯಲ್ಲೇ, ಹೊಡಿಯೇ ಮಾರಾಯ್ತಿ!” ಎಂದು ಕಿರುಚಿದಳು. ಕಿಂಡಿಯಿಂದ ಮತ್ತೆ, “ಬೇಡ, ಮಗು ಮಾಡಿದ್ದು” ಅಂದರು. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಅವರಿಗೆ ಮೊದಲ ಸಲ “ಬಾಯಿ ಮುಚ್ರಿ” ಅಂದೆ. ಒಡೆದ ಕಡೆಯಿಂದ ಗೋಣಿಚೀಲ ತೂರಿಸಿ ತಲೆ ಮೇಲೆ ಹೊದ್ದುಕೊಳ್ಳಲು ಹೇಳಿ, ದೇವರನ್ನು ನೆನೆದು ಮೀನಿನ ಬಾಲಕ್ಕೆ ಸುತ್ತಿಗೆ ಹಾಕಿದೆ. ಎರಡನೇ ಏಟಿಗೆ ನನ್ನ ಮದುವೆಯ ನೀಲಿ ತಟ್ಟೆಯ ಚೂರು ಹಾರಿ ಬಿತ್ತು. ಒಳಗಿಂದ ಗೋಣಿ ಮಾತಾಡಿತು, “ಹಿಂದಿನ ಅಂಚಿಂದ ಏಳಿಸು, ಅಲ್ಲಿ ಸ್ಕ್ರೂ ಕಮ್ಮಿ.” ಸಾಯುವ ಹೊತ್ತಿನಲ್ಲೂ ಮೇಸ್ತ್ರಿ ಮೇಸ್ತ್ರಿಯೇ. ಹಾರೆ ಕೊಟ್ಟು ಇಬ್ಬರೂ ಜೋತು ಬಿದ್ದೆವು. ತಗಡು ಹಪ್ಪಳದಂತೆ ಸುರುಳಿ ಸುತ್ತಿಕೊಂಡು ಎದ್ದಿತು. ಬಟ್ಟೆಯನ್ನು ಕತ್ತರಿಯಲ್ಲಿ ಸರ್ರನೆ ಸೀಳಿದವಳು ಅಕ್ಕ. ಕಂಕುಳಿಗೆ ಕೈ ಕೊಟ್ಟು ಎಳೆದೆವು. ಹೊರಗೆ ಮಲಗಿಸಿ ನೀರು ಕೊಟ್ಟ ಮೇಲೆ ಅವಳು, “ಗಂಡನನ್ನ ಡಬ್ಬಿಯಿಂದ ತೆಗೆದಿದ್ದು ನಾನು ನೋಡಿದ್ದು ಇದೇ ಮೊದಲು” ಅಂದಳು. ಅವರಿಗೂ ನಗು ಬಂತು, ನಗಲು ಉಸಿರಿರಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು ಮಾತ್ರೆ ಕೊಟ್ಟು ಕಳಿಸಿದ್ದಾರೆ. ನಿನ್ನೆ ಮನೆಗೆ ಬಂದವರೇ ಕುರ್ಚಿ ಹಾಕಿಸಿಕೊಂಡು ಶೆಡ್ಡಿನಲ್ಲಿ ಕುಳಿತರು. ಸಂಘದವರಿಗೆ ಫೋನು ಮಾಡಿ, “ಕೆರೆಸೋದಿಲ್ಲ, ಕೊನೇ ಸಾಲಲ್ಲೂ ಬೇಡ” ಅಂದರು. ನಾನು ಒಡೆದದ್ದಕ್ಕೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಿನ್ನ ಮೀನನ್ನು ಒಡೆದದ್ದು ಈ ಕೈ. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು, ತಡೆದುಕೊಳ್ಳುತ್ತೇನೆ.

ದೇವರು ನಿನ್ನನ್ನು ಕಾಯಲಿ, ನಿನ್ನ ಕೈಗಳಿಗೆ ಕಸುವು ಕೊಡಲಿ. ದರ್ಜಿ ಅಕ್ಕ ನಿನ್ನ ಹಳೇ ಅಳತೆ ಇನ್ನೂ ಇಟ್ಟಿದ್ದಾಳಂತೆ, ಸಣಕಲಾಗಿದ್ದರೆ ಬೈಯುತ್ತಾಳಂತೆ.

ನಿನ್ನ
ಅಮ್ಮ

ಮತ್ತೆ: ಈ ಕಾಗದವನ್ನು ಮುಚ್ಚುವ ಮುಂಚೆ ಓದಿ ಹೇಳು ಎಂದು ಅಪ್ಪ ಹಟ ಹಿಡಿದರು, ಓದಿದೆ. ಛಾವಣಿಯ ಮಾತು ಬಂದಾಗ ಬೇಡ ಅನ್ನಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದರು. ಈಗ ನಿದ್ದೆ ಹತ್ತಿದೆ, ಬೇಗ ಬೇಗ ಬರೆಯುತ್ತೇನೆ. ಇಪ್ಪತ್ತನಾಲ್ಕನೇ ತಾರೀಕು ಸೋಮವಾರ ಬೆಳಿಗ್ಗೆ ಏಳಕ್ಕೆ ಅವರ ಎದೆ ಬಿಚ್ಚಿ ಆಪರೇಷನ್ ಮಾಡುತ್ತಾರೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಮನೆಯವರೆಲ್ಲ ಇರಲಿ ಅಂದರು. “ಆಪರೇಷನ್ ಸುದ್ದಿ ಅವಳಿಗೆ ತಿಳಿಸಬೇಡ, ಹೆದರಿ ಬರೋದು ಬೇಡ, ಮನಸ್ಸಿದ್ರೆ ಬರಲಿ” ಎಂದು ನಿನ್ನಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಭಾನುವಾರದೊಳಗೆ ಬಾ. ಬಂದವಳು ಆಪರೇಷನ್ ಸುದ್ದಿ ಎತ್ತಬೇಡ, ಛಾವಣಿ ನೋಡಲು ಬಂದೆ ಅನ್ನು. ಮಾತು ಮುರಿದದ್ದೂ ಸುಳ್ಳು ಹೇಳಿಸಿದ್ದೂ ನನ್ನ ಲೆಕ್ಕಕ್ಕಿರಲಿ, ದೇವರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ. ನೀನು ಬಾ.