ಅಚ್ಚುಮೊಳೆ ತೊಳೆದ ಮೇಲೆ

ಮನೆ, ಹಿಂದಿನ ಕೋಣೆ
ಸೋಮವಾರ, ಹನ್ನೆರಡನೇ ತಾರೀಕು

ಪ್ರೀತಿಯ ಯಜಮಾನಿಗೆ,

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳನ್ನು ಎತ್ತಿಕೊಂಡು ಮಹಡಿ ಹತ್ತಿ ಇಳಿಯಬೇಡ, ಎತ್ತಿಕೊಳ್ಳಲು ಅಲ್ಲಿ ಅಳಿಯಂದಿರಿದ್ದಾರೆ. ಮಗಳು ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾಳೆ ತಾನೆ? ನಾನು ಆರಾಮ. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ, ಹಾಗೂ ಹೀಗೂ ನಡೆಯುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಈ ಸಲ ನಾನು ಪೂರ್ತಿ ಹೇಳಬೇಕು, ನೀನು ಪೂರ್ತಿ ಕೇಳಬೇಕು, ಅದಕ್ಕೇ ಕಾಗದ.

ನೀನು ಹೊರಟ ಮೇಲೆ ನೊಣ ಹೊಡೆಯುತ್ತ ಕೂರಲಾರದೆ, ಗ್ರಂಥಾಲಯದ ಹಿಂದಿನ ಗೋದಾಮಿನಲ್ಲಿರುವ ಮುದ್ರಣದ ಮ್ಯೂಸಿಯಂ ಸೇರಿಕೊಂಡೆ. ಸಂಬಳವಿಲ್ಲ, ಚಹಾ ಉಂಟು. ಅಲ್ಲಿ ದುಡಿಯುವವರೆಲ್ಲ ನನ್ನಂತೆ ನಿವೃತ್ತರು. ನೀನು ಹದಿನೆಂಟು ವರ್ಷ ದುಡಿದ ಪ್ರೆಸ್ಸಿನ ಸಾಮಾನುಗಳೇ ಅಲ್ಲಿರುವುದು. ಬಸ್ ಡಿಪೋದ ಮೆಕ್ಯಾನಿಕ್ ಎಂದು ನನಗೆ ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರವನ್ನು ಒಪ್ಪಿಸಿದರು. ಮೂರು ವಾರ ಎಣ್ಣೆ ಹಾಕಿ, ಬೈದು, ಮುದ್ದು ಮಾಡಿ ಓಡುವಂತೆ ಮಾಡಿದೆ. ಅದರ ಸದ್ದು ಕೇಳಿದರೆ ನಿನಗೂ ಖುಷಿಯಾಗುತ್ತದೆ.

ಅಕ್ಷರ ಜೋಡಿಸುವ ಪಾಠ ಹೇಳುವವರು ಯಾರು ಗೊತ್ತೆ? ನಿನ್ನ ಫೋರ್‌ಮನ್. ಎಂಬತ್ತೆರಡು ವರ್ಷ, ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆದರೆ ಸೀಸದ ಅಚ್ಚುಮೊಳೆಯ ಬೆನ್ನಿನ ಗೀರನ್ನು ಹೆಬ್ಬೆರಳಲ್ಲಿ ಸವರಿ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಿಬಿಡುತ್ತಾರೆ. ಮೊಳೆ ತುಂಬಿದ ಮರದ ಕೇಸಿನ ಮುಂದೆ ನಿಂತರೆ ಅದರ ನೂರಾರು ಗೂಡುಗಳಲ್ಲಿ ಬೇಕಾದ ಗೂಡಿಗೇ ಕೈ ಹೋಗುತ್ತದೆ. ಕಲಿಯಲು ಬಂದವರಿಗೆ ಮೊದಲ ತಿಂಗಳು ಜೋಡಿಸಲು ಬಿಡುವುದೇ ಇಲ್ಲ. "ಮೊದಲು ಜೋಡಿಸಿದ್ದನ್ನ ಬಿಚ್ಚಿ ವಾಪಸ್ ಗೂಡಿಗೆ ಹಾಕೋದು ಕಲೀರಿ. ಎಲ್ಲಿಂದ ಬಂತು ಅಂತ ಗೊತ್ತಿಲ್ದೆ ತೆಗೆಯೋಕೆ ಹೋಗ್ಬೇಡಿ" ಅನ್ನುತ್ತಾರೆ. ಕಾಲೇಜಿನ ಹುಡುಗಿಯರು, ಒಬ್ಬ ಕ್ಷೌರಿಕ, ಒಬ್ಬ ವಕೀಲೆ, ಎಲ್ಲರೂ ತುಟಿ ಬಿಚ್ಚದೆ ಕೇಳುತ್ತಾರೆ. ನನಗಂತೂ ಇಂಥ ಗುರು ಡಿಪೋದಲ್ಲಿ ಸಿಕ್ಕಿರಲಿಲ್ಲ.

ಇನ್ನು ನನ್ನ ಘನಕಾರ್ಯ. ಸ್ಪ್ಯಾನರುಗಳನ್ನು ನಂಬರಿನ ಪ್ರಕಾರ ನೇತುಹಾಕುವ ನನ್ನ ಚಾಳಿ ನಿನಗೆ ಗೊತ್ತಲ್ಲ. ಉಳಿದ ಕೇಸುಗಳ ಸೀಸವೆಲ್ಲ ಎಂದೋ ಗುಜರಿಗೆ ಹೋಗಿ, ಮೊಳೆ ತುಂಬಿದ ಕನ್ನಡದ ಕೇಸು ಅಲ್ಲಿ ಇರುವುದೇ ಒಂದು. ಅದರಲ್ಲಿ ದೂಳು ಕೂತಿತ್ತು. ಹೋದ ವಾರ ಯಾರೂ ಇಲ್ಲದಾಗ ಅಷ್ಟೂ ಮೊಳೆಗಳನ್ನು ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅ ಆ ಇ ಈ ಎಂದು ಶಾಲೆಯ ಕ್ರಮದಲ್ಲಿ ಚೊಕ್ಕವಾಗಿ ತುಂಬಿಟ್ಟೆ. ಮೂರು ದಿನದ ಕೆಲಸ. ಭೇಷ್ ಅನ್ನಿಸಿಕೊಳ್ಳಲು ಕಾದು ಕೂತಿದ್ದೆ. ಫೋರ್‌ಮನ್ ಬಂದರು, ಅಕ್ಷರ ಜೋಡಿಸುವ ಸ್ಟಿಕ್ ಹಿಡಿದರು, ಕೈ ಹಾಕಿದರು. ಒಂದು ಮೊಳೆ ಸವರಿ ಇಟ್ಟರು. ಇನ್ನೊಂದು ಸವರಿ ಇಟ್ಟರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

ಬೈದಿದ್ದರೆ ವಾಸಿಯಿತ್ತು. "ನಿಮ್ಮ ತಪ್ಪಿಲ್ಲ ಬಿಡಿ, ನೋಡೋಕೆ ಚೆನ್ನಾಗೇ ಇರುತ್ತೆ" ಎಂದರು. ನಾನು ಅವರ ಜೋಡಣೆ ಕೆಡಿಸಿದೆನೆಂದು ಕ್ಷಮೆ ಕೇಳಿದೆ. ಆಗ ಅವರು ಹೇಳಿದ್ದು ಕೇಳು: "ಆ ಜೋಡಣೆ ನಂದಲ್ಲ. ನಿಮ್ಮ ಮನೆಯವರದು." ನೀನು ಸೇರಿದ ಎರಡನೇ ವರ್ಷ ಯಾರನ್ನೂ ಕೇಳದೆ ನಿನ್ನ ಕೇಸಿನ ಗೂಡುಗಳನ್ನು ಅದಲುಬದಲು ಮಾಡಿದೆಯಂತೆ. 'ಲಿ'ಯನ್ನೂ ಅದರ ಒತ್ತನ್ನೂ ಅಕ್ಕಪಕ್ಕ ತಂದು ಕೈಯ ಮುಂದೆಯೇ ಇಟ್ಟೆಯಂತೆ, ಅಲ್ಲಿ ಇಲ್ಲಿ ಎನ್ನದೆ ಯಾರ ಮಾತೂ ಮುಗಿಯುವುದಿಲ್ಲ ಎಂದು. ಅವರು ಗದರಿದರಂತೆ. ನೀನು ಪಂದ್ಯ ಕಟ್ಟಿ, ಅವರು ಅರ್ಧ ಪುಟ ಮುಗಿಸುವಷ್ಟರಲ್ಲಿ ಇಡೀ ಪುಟ ಮುಗಿಸಿದೆಯಂತೆ. ಅವರು ತೆಪ್ಪಗೆ ತಮ್ಮ ಕೇಸನ್ನೂ ನಿನ್ನಂತೆ ಮಾಡಿಕೊಂಡರು, ವರ್ಷದೊಳಗೆ ಪ್ರೆಸ್ಸಿಗೆ ಪ್ರೆಸ್ಸೇ ಮಾಡಿಕೊಂಡಿತು. ಇದನ್ನು ನನಗೆ ಹೇಳಿದ್ದೆಯೇನೋ. ನಾನು ಪೇಪರ್ ಓದುತ್ತಿದ್ದೆನೇನೋ. ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಆಯಿತು.

ಯಾವ ಅಕ್ಷರ ಎಲ್ಲಿತ್ತು ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. "ಅದು ಕೈಗೆ ಗೊತ್ತು, ತಲೆಗಲ್ಲ" ಅನ್ನುತ್ತಾರೆ. ಅದಕ್ಕೆ ಕೇಸನ್ನು ಖಾಲಿ ಮಾಡಿದೆವು. ವಕೀಲೆ ಪುಸ್ತಕ ಓದುತ್ತ ಹೋದರು, ಫೋರ್‌ಮನ್ ಮೊಳೆ ಹೆಕ್ಕುವಂತೆ ಖಾಲಿ ಗೂಡುಗಳಿಗೆ ಕೈ ಹಾಕುತ್ತ ಹೋದರು, ಕೈ ಹೋದ ಕಡೆ ನಾನು ಆ ಅಕ್ಷರ ಹಾಕಿದೆ. ಎರಡು ದಿನದಲ್ಲಿ ಅರ್ಧ ಕೇಸು ವಾಪಸ್ ಬಂತು. ಇನ್ನರ್ಧಕ್ಕೆ ಅವರ ಕೈ ಗಾಳಿಯಲ್ಲೇ ನಿಂತಿತು. ನಿನ್ನೆ ಪಾಠದ ಕೊನೆಗೆ, "ಇನ್ನು ಹೊಸದಾಗಿ ಕಲಿಯೋ ವಯಸ್ಸಲ್ಲ. ಬರೋ ಭಾನುವಾರ ಬಂದು ಎಲ್ಲರಿಗೂ ಹೇಳಿ ಹೋಗ್ತೀನಿ" ಎಂದರು.

ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನೆನಪು ಹೇಳು.

ನಿನ್ನ,
ಡಿಪೋ ಪಂಡಿತ

ಮರೆತ ಮಾತು: ಪ್ರೆಸ್ಸು ಮುಚ್ಚಿದ ದಿನ ನೀನು ಅಡುಗೆಮನೆಯಲ್ಲಿ ಅಳುತ್ತಿದ್ದಾಗ, "ಮೊಳೆ ಹೆಕ್ಕೋ ಕೆಲಸಕ್ಕೆ ಯಾರಾದ್ರೂ ಇಷ್ಟು ಅಳ್ತಾರಾ" ಅಂದಿದ್ದೆ. ಆ ಮಾತು ತಪ್ಪು. ಶನಿವಾರದ ಬಸ್ಸಿಗೆ ಬಾ, ಎರಡು ದಿನ ಮಗುವನ್ನು ಅವರೇ ನೋಡಿಕೊಳ್ಳಲಿ. ಕೇಸಿನ ಮುಂದೆ ಸ್ಟೂಲ್ ಹಾಕಿರುತ್ತೇನೆ. ನೀನು ಕೈ ಆಡಿಸು, ಅದು ಹೋದಲ್ಲೆಲ್ಲ ನಾನು ಮೊಳೆ ಹಾಕುತ್ತ ಬರುತ್ತೇನೆ.